‘ನೀ’ ಅಂದದ್ದಕ್ಕಾಗಿ ಉದಗೀರಕ್ಕೆ

ಬೆಳಿಗ್ಗೆ ಏಳಕ್ಕೆ ಕಲಬುರಗಿಯಿಂದ ಉಮರ್ಗಾ ಬಸ್ಸು ಹೊರಟಾಗ ಜನವರಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ನನ್ನ ಪಕ್ಕದಲ್ಲಿ ಕಿಟಕಿಗೆ ಮುಖ ಹಚ್ಚಿ ಕುಳಿತವರು ಶ್ರೀಮತಿ ಹೋಲ್ಟ್. ಎಪ್ಪತ್ತು ದಾಟಿದ ಜರ್ಮನ್ ಹೆಂಗಸು, ಭಾರತಕ್ಕೆ ಬಂದದ್ದು ಇದೇ ಮೊದಲು. ಅವರ ಗಂಡ ಕಾರ್ಲ್ ಕೊನೆಯ ಕೆಲವು ತಿಂಗಳು ಆಸ್ಪತ್ರೆಯಲ್ಲಿದ್ದಾಗ ಅವರನ್ನು ನೋಡಿಕೊಂಡ ನರ್ಸ್ ಉದಗೀರದ ಸುವರ್ಣಾ. ಆಕೆಗೆ ಜರ್ಮನ್ ಕಲಿಸಿದ್ದು ನಾನು. ಸುವರ್ಣಾಳ ತಾಯಿಯನ್ನು ಕಂಡು ಧನ್ಯವಾದ ಹೇಳಬೇಕು, ದುಭಾಷಿಯಾಗಿ ಬರುತ್ತೀರಾ ಎಂದು ಅವರು ಬರೆದು ಕೇಳಿದಾಗ ಹೆಮ್ಮೆಯಿಂದಲೇ ಒಪ್ಪಿದ್ದೆ.

ಬೀದರ್ ಮೇಲೆ ಹೋದರೆ ದಾರಿ ಸಲೀಸು. ಆದರೆ ಜರ್ಮನಿಗೆ ಹೋಗುವ ಮೊದಲು ಸುವರ್ಣಾ ಉಮರ್ಗಾದ ಒಂದು ದವಾಖಾನೆಯಲ್ಲಿ ಕೆಲಸ ಮಾಡುತ್ತ, ಭಾನುವಾರ ಕಲಬುರಗಿಗೆ ನನ್ನ ತರಗತಿಗೆ ಬರುತ್ತಿದ್ದಳು. ರಜೆ ಸಿಕ್ಕಾಗ ನಿಲಂಗಾದ ಮೇಲೆ ಊರಿಗೆ ಹೋಗುತ್ತಿದ್ದಳು. “ಆಕೆ ಓಡಾಡಿದ ದಾರಿಯಲ್ಲೇ ಹೋಗೋಣ, ಬಸ್ಸಿನಲ್ಲೇ” ಎಂದು ಶ್ರೀಮತಿ ಹೋಲ್ಟ್ ಹಟ ಹಿಡಿದರು.

ಆಳಂದ ದಾಟಿ ಹತ್ತು ಗಂಟೆಯ ಹೊತ್ತಿಗೆ ಉಮರ್ಗಾ ತಲುಪಿದೆವು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಬಿಸಿ ಸುಸಲಾ ತಿಂದೆವು. ಚುರುಮುರಿಗೆ ಒಗ್ಗರಣೆ ಹಾಕಿದ ಅದನ್ನು ಶ್ರೀಮತಿ ಹೋಲ್ಟ್ ಹಸಿಮೆಣಸಿನಕಾಯಿ ಬದಿಗಿಟ್ಟು ಎರಡು ಪ್ಲೇಟ್ ತಿಂದರು. ಹೋಟೆಲಿನಾಕೆ ಆಳಂದದ ಕಡೆಯವಳು, ಮದುವೆಯಾಗಿ ಇಲ್ಲಿಗೆ ಬಂದವಳು. ನನ್ನ ಕನ್ನಡ ಕೇಳಿ ಕುರ್ಚಿ ಎಳೆದು ಕೂತೇಬಿಟ್ಟಳು.

“ಎಲ್ಲಿಯವರ್ರೀ ಇವರು? ಉಪವಾಸ ಮಾಡ್ತಾರೇನ್ರೀ, ಇಷ್ಟು ಸಣ್ಣ ಆಗ್ಯಾರಲ್ಲರೀ?”

ಪ್ರತಿ ಮಾತಿನ ತುದಿಗೂ ಬರುವ ಈ ‘ರೀ’ ಏನೆಂದು ಶ್ರೀಮತಿ ಹೋಲ್ಟ್ ಕೇಳಿದರು. ಮರ್ಯಾದೆಗೆ ಹಚ್ಚುವುದು ಎಂದೆ. “ಹಾಗಾದರೆ ನೀವು ಪುಣ್ಯವಂತರು. ವಾಕ್ಯದ ಕೊನೆಯಲ್ಲಾದರೂ ತಿದ್ದಿಕೊಳ್ಳಬಹುದು. ನಮ್ಮಲ್ಲಿ ಮೊದಲ ಶಬ್ದಕ್ಕೇ ತೀರ್ಮಾನ ಆಗಿಬಿಡುತ್ತದೆ” ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಉಮರ್ಗಾದಿಂದ ಮಹಾರಾಷ್ಟ್ರದ ಬಸ್ಸು. ಅಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್. ಪರದೇಶದವರಿಗೂ ಉಂಟೇ ಎಂದು ಕಂಡಕ್ಟರನನ್ನು ಕೇಳಿದೆ. ಅವನು ಶ್ರೀಮತಿ ಹೋಲ್ಟರ ಮುಖ ಒಮ್ಮೆ ನೋಡಿ, “ಮಹಿಲಾ ಮ್ಹಂಜೆ ಮಹಿಲಾ,” ಹೆಂಗಸು ಅಂದಮೇಲೆ ಹೆಂಗಸೇ, ಎಂದು ಎರಡು ಅರ್ಧ ಟಿಕೆಟ್ ಕೊಟ್ಟ. ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಸುಮಾರು ಐವತ್ತು ಕಿಲೋಮೀಟರ್ ದಾರಿಗೆ ಎರಡು ತಾಸು ಹಿಡಿಯಿತು. ಶ್ರೀಮತಿ ಹೋಲ್ಟ್ ದಣಿದಿದ್ದರು. ನಿಲಂಗಾದಲ್ಲಿ ಕೋರ್ಟಿನ ಹತ್ತಿರದ ಲಾಡ್ಜಿನಲ್ಲಿ ತಂಗಿದೆವು.

ಸಂಜೆ ಚಹಾ ಕುಡಿಯುವಾಗ ಅವರು ಲೋಟ ಕೆಳಗಿಟ್ಟು, “ನಾನು ನಿಮಗೆ ಪೂರ್ತಿ ಹೇಳಿಲ್ಲ” ಎಂದರು.

ಜರ್ಮನ್‌ನಲ್ಲಿ ಅಪರಿಚಿತರಿಗೆ ‘ಝೀ’, ಮನೆಯವರಿಗೂ ಗೆಳೆಯರಿಗೂ ಮಕ್ಕಳಿಗೂ ‘ಡೂ’. ದೊಡ್ಡವರ ನಡುವೆ ಒಂದರಿಂದ ಇನ್ನೊಂದಕ್ಕೆ ದಾಟಬೇಕಾದರೆ ಸಾಮಾನ್ಯವಾಗಿ ಹಿರಿಯರೇ ಬಾಯಿಬಿಟ್ಟು ಹೇಳಬೇಕು. ಸುವರ್ಣಾ ಆ ವಾರ್ಡಿಗೆ ಹೊಸಬಳು. ಒಂದು ದಿನ ಕಾರ್ಲ್ ಅವರ ಮುಖ ಒರೆಸುತ್ತ, “ನಿನಗೆ ನೋವಾಗುತ್ತಿದೆಯಾ?” ಎಂದು ‘ಡೂ’ ಹಚ್ಚಿ ಕೇಳಿದಳು. ಬಾಗಿಲಲ್ಲಿ ನಿಂತಿದ್ದ ಶ್ರೀಮತಿ ಹೋಲ್ಟ್ ಅದನ್ನು ಕೇಳಿಸಿಕೊಂಡರು.

“ನನ್ನ ಗಂಡ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದವರು. ಹಾಸಿಗೆ ಹಿಡಿದರೆಂದು ಈ ಹುಡುಗಿ ಅವರನ್ನು ಕೂಸಿನ ಹಾಗೆ ಮಾತಾಡಿಸುತ್ತಾಳೆ ಅನ್ನಿಸಿತು. ಬರೆದು ದೂರು ಕೊಟ್ಟೆ. ಅವಳ ಕೆಲಸ ಕಾಯಂ ಆಗುವುದು ಮೂರು ತಿಂಗಳು ಮುಂದೆ ಹೋಯಿತು. ದೂರು ನನ್ನದೆಂದು ಅವಳಿಗೆ ಗೊತ್ತಿತ್ತು. ಆದರೂ ಅವರನ್ನು ನೋಡಿಕೊಳ್ಳುವುದರಲ್ಲಿ ಒಂದು ದಿನವೂ ಕಡಿಮೆ ಮಾಡಲಿಲ್ಲ.” ಸ್ವಲ್ಪ ತಡೆದು ಮುಂದುವರಿಸಿದರು. “ಕೊನೆಯ ವಾರ ಕಾರ್ಲ್ ತಾವೇ ಅವಳಿಗೆ ‘ನನಗೆ ಡೂ ಅನ್ನು’ ಎಂದರು. ಅವಳು ನನ್ನ ಮುಖ ನೋಡಿದಳು. ಹೂಂ ಎಂದು ನಾನು ತಲೆ ಆಡಿಸಿದ್ದರೆ ಸಾಕಿತ್ತು. ಆಡಿಸಲಿಲ್ಲ. ಅವರು ಹೋಗುವ ತನಕ ಅವಳು ‘ಝೀ’ ಎಂದೇ ಕರೆದಳು.”

ನನ್ನ ಚಹಾ ಆರಿಹೋಯಿತು. ಆ ತಪ್ಪು ಹುಟ್ಟಿದ್ದು ನನ್ನ ತರಗತಿಯಲ್ಲಿ. ಮೊದಲ ವಾರವೇ ಹಲಗೆಯ ಮೇಲೆ ‘ಝೀ ಎಂದರೆ ನೀವು, ಡೂ ಎಂದರೆ ನೀ’ ಎಂದು ಬರೆದು ಮುಂದಿನ ಪಾಠಕ್ಕೆ ಹೋಗಿದ್ದೆ. ಈ ಸೀಮೆಯಲ್ಲಿ ತಾಯಿಗೆ ನೀ, ಅಜ್ಜನಿಗೆ ನೀ, ಮಹಾದೇವನಿಗೂ ನೀ. ಸುವರ್ಣಾ ಕಾರ್ಲ್ ಅವರನ್ನು ಆ ಸಾಲಿಗೆ ಸೇರಿಸಿಕೊಂಡಿದ್ದಳು. ಇದನ್ನು ಶ್ರೀಮತಿ ಹೋಲ್ಟ್ ಅವರಿಗೂ ಹೇಳಿದೆ.

ಮರುದಿನ ಮಧ್ಯಾಹ್ನ ಉದಗೀರದಲ್ಲಿ ಇಳಿದು ಆಟೋ ಹಿಡಿದೆವು. ಊರ ಹೊರಗಿನ ಹೊಲದ ಮನೆ. ಅಂಗಳದ ತುಂಬ ತೊಗರಿ ಹರವಿದ್ದರು, ಮನೆಯ ಗಂಡಸರು ರಾಶಿ ಮಾಡುವ ಮಷೀನಿನ ಹತ್ತಿರ ಇದ್ದರು. ಸುವರ್ಣಾಳ ತಾಯಿ ಕಲಾವತಿ ತಲೆಯ ಮೇಲಿನ ಸೆರಗು ಸರಿಪಡಿಸಿಕೊಳ್ಳುತ್ತ ಎದುರು ಬಂದು, ಶ್ರೀಮತಿ ಹೋಲ್ಟರ ಕೈ ಹಿಡಿದೇಬಿಟ್ಟರು.

“ಬಾ ಯವ್ವಾ, ಒಳಗ ಬಾ. ಎಷ್ಟು ದೂರದಿಂದ ಬಂದೀ ನೀ!” ನನ್ನ ಕಡೆ ತಿರುಗಿ, “ಬರ್ರಿ ಬಾಯಿ, ನೀವೂ ಬರ್ರಿ” ಎಂದರು. ಅಲ್ಲಿ ಟೀಚರಿಗೆ ಬಾಯಿ ಅನ್ನುತ್ತಾರೆ.

ನಾನು ಎಲ್ಲವನ್ನೂ ‘ಝೀ’ ಹಚ್ಚಿಯೇ ಜರ್ಮನ್‌ಗೆ ತಂದೆ. ಅಂಜಿಕೆ ಇನ್ನೂ ಹೋಗಿರಲಿಲ್ಲ.

ಜಮಖಾನದ ಮೇಲೆ ಕೂತ ಮೇಲೆ ಶ್ರೀಮತಿ ಹೋಲ್ಟ್ ನೀರು ಸಹ ಮುಟ್ಟದೆ, ನಿಲಂಗಾದಲ್ಲಿ ಹೇಳಿದ್ದನ್ನೆಲ್ಲ ಹೇಳಿದರು. ನಾನು ಒಂದೊಂದೇ ಮಾತು ಕನ್ನಡಕ್ಕೆ ತಂದೆ. ಕಲಾವತಿಯವರಿಗೆ ದೂರಿನ ಸಂಗತಿಯೇ ಗೊತ್ತಿರಲಿಲ್ಲ.

“ಮೂರು ತಿಂಗಳಾ? ಆವಾಗ ಆಕಿ ಫೋನ್ ಹಚ್ಚಿದ್ರ ಬರೇ ಅಳಾಕಿ. ಯಾಕ ಮಗಳ ಅಂದ್ರ, ಇಲ್ಲಿ ಥಂಡಿ ಭಾಳ ಅದವ್ವಾ ಅಂತಿದ್ಲು.” ಆಮೇಲೆ ನನ್ನನ್ನೇ ನೋಡಿದರು. “ಹಾಂಗ ಅನಬಾರದಂತ ನೀವು ಕಲಿಸಿದ್ದಿಲ್ಲೇನ್ರೀ ಬಾಯಿ?”

ಈ ಪ್ರಶ್ನೆಗೆ ಮಾತ್ರ ದುಭಾಷಿ ಆಗಿ ಪಾರಾಗುವಂತಿರಲಿಲ್ಲ. “ಕಲಿಸಿದ್ದು ಕಮ್ಮಿ ಆಯ್ತ್ರೀ. ತಪ್ಪು ನಂದೂ ಅದ” ಎಂದೆ. ಅದನ್ನೇ ಜರ್ಮನ್‌ನಲ್ಲೂ ಹೇಳಿದೆ.

ಕಲಾವತಿ ಎದ್ದು ಕೊಟ್ಟಿಗೆಗೆ ಹೋದರು. ಚರಿಗೆಗೆ ಹಾಲು ಬೀಳುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ನಾವಿಬ್ಬರೂ ಶಿಕ್ಷೆಗೆ ಕೂತ ಶಾಲೆಯ ಹುಡುಗಿಯರ ಹಾಗೆ ಕೂತಿದ್ದೆವು. ಅವರು ಬಂದಾಗ ಕೈಯಲ್ಲಿ ಕಾಸಿದ ಹಾಲಿನ ಎರಡು ಲೋಟ ಇದ್ದವು.

“ಕುಡಿ ಯವ್ವಾ. ಗಂಡನ್ನ ಕಳಕೊಂಡಾಕಿ ಸಮುದ್ರ ದಾಟಿ ತಪ್ಪು ಒಪ್ಪಕೊಳ್ಳಲಕ್ಕ ಬಂದೀ. ನಾ ಏನ್ ಬಾಗಿಲಾ ಹಾಕಲಿ? ಆದ್ರ ಮಾಫಿ ನನ್ನ ಕೈಯಾಗಿಲ್ಲ. ಆಕೀನ ಕೇಳು.”

ಈ ಸಲ ನಾನು ‘ಡೂ’ ಹಚ್ಚಿದೆ. ಶ್ರೀಮತಿ ಹೋಲ್ಟ್ ತಟ್ಟನೆ ನನ್ನ ಮುಖ ನೋಡಿದರು. “ಅವರು ಅಂದದ್ದು ಹಾಗೇನಾ?” “ಬಾಗಿಲಿನಿಂದಲೂ ಹಾಗೇ ಅನ್ನುತ್ತಿದ್ದಾರೆ. ನಾನೇ ಮುಚ್ಚಿಟ್ಟಿದ್ದೆ” ಎಂದೆ. ಅವರು ಹಾಲಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದರು.

ಸಂಜೆ ಐದೂವರೆಗೆ ವಿಡಿಯೋ ಕರೆ ಹಚ್ಚಿದೆವು. ಅಲ್ಲಿ ಮಧ್ಯಾಹ್ನದ ಒಂದು ಗಂಟೆ, ಸುವರ್ಣಾಳ ಊಟದ ಹೊತ್ತು. ಶ್ರೀಮತಿ ಹೋಲ್ಟ್ ಮೊದಲು ಕ್ಷಮೆ ಕೇಳಿದರು. ಸುವರ್ಣಾ ಪೂರ್ತಿ ಕೇಳಿಸಿಕೊಂಡು, “ನೀವು ನಮ್ಮ ಮನೆ ತನಕ ಹೋಗಿ ಇದನ್ನು ಹೇಳಿದಿರಲ್ಲ, ಅದಕ್ಕೆ ನಾನು ಋಣಿ” ಎಂದಳು. ಆಗ ಶ್ರೀಮತಿ ಹೋಲ್ಟ್ ಕಣ್ಣೊರೆಸಿಕೊಂಡು, “ನನ್ನ ಹೆಸರು ಇಂಗ್ರಿಡ್. ನನಗೆ ‘ಡೂ’ ಅನ್ನುತ್ತೀಯಾ?” ಎಂದರು.

ಸುವರ್ಣಾ ಮೆಲ್ಲಗೆ, ತಪ್ಪಿಲ್ಲದ ಜರ್ಮನ್‌ನಲ್ಲಿ ಹೇಳಿದಳು: “ನೀವು ಕೇಳಿದ್ದು ನನಗೆ ದೊಡ್ಡದು. ಆದರೆ ಸದ್ಯಕ್ಕೆ ನಿಮ್ಮ ಜೊತೆ ‘ಝೀ’ಯಲ್ಲೇ ಇರುತ್ತೇನೆ. ಮನಸ್ಸಿಗೆ ಬಂದ ದಿನ ನಾನೇ ಹೇಳುತ್ತೇನೆ.”

“ಏನಂದ್ಲು?” ಕಲಾವತಿ ನನ್ನ ತೋಳು ತಿವಿದರು.

“ನೀ ಅನ್ನು ಅಂದ್ರು ಇವರು. ಇಷ್ಟರಾಗ ಬ್ಯಾಡ ಅಂದಳು.”

ಅವರು ಬಾಯಿಗೆ ಸೆರಗು ಹಚ್ಚಿ ನಕ್ಕುಬಿಟ್ಟರು. “ಚಲೋ ಹೇಳಿದಳು. ಆಕೀದು ಆಕಿ ನೋಡಕೋತಾಳ.”

“ಅವಳು ಹೇಳಿದ್ದು ಸರಿ,” ಶ್ರೀಮತಿ ಹೋಲ್ಟ್ ಫೋನನ್ನು ನನ್ನ ಕೈಗೆ ಕೊಟ್ಟರು. “ಅವತ್ತು ಅವಳ ಬದಲು ನಾನು ತೀರ್ಮಾನಿಸಿದೆ. ಇವತ್ತು ತಾನೇ ತೀರ್ಮಾನಿಸಿದಳು.” ಎರಡು ದಿನದಲ್ಲಿ ಮೊದಲ ಸಲ ಅವರ ಭುಜ ಸಡಿಲಾದದ್ದು ಕಂಡೆ. ಪಾಠದಲ್ಲಿ ನಾನು ಕೊಡದೇ ಬಿಟ್ಟದ್ದನ್ನು ಹುಡುಗಿ ಒಬ್ಬಳೇ ಕಲಿತುಕೊಂಡಿದ್ದಳು. ಮನಸ್ಸಿನಲ್ಲೇ ಆಕೆಗೆ ಕೈ ಮುಗಿದೆ. ಆ ಸಂಜೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಶ್ರೀಮತಿ ಹೋಲ್ಟ್ ರೊಟ್ಟಿ ಬಡಿಯುವುದನ್ನು ಕಲಿಯಲು ಹೋಗಿ ಮೂರು ಹರಿದರು, ಮೂರನ್ನೂ ಕಲಾವತಿ ಎಮ್ಮೆಗೆ ಹಾಕಿದರು.

ಮರುದಿನ ಬೆಳಿಗ್ಗೆ ಉದಗೀರ ನಿಲ್ದಾಣದ ತನಕ ಕಲಾವತಿ ಬಂದರು. ಐದು ಕಿಲೋ ತೊಗರಿಬೇಳೆಯ ಗಂಟನ್ನು ವಿಮಾನದಲ್ಲಿ ಒಯ್ಯಲಾಗುವುದಿಲ್ಲ ಎಂದರೂ ಕೇಳಲಿಲ್ಲ. ಬೀದರ್ ಬಸ್ಸಿಗೆ ನಮ್ಮನ್ನು ಹತ್ತಿಸಿ, ಕೆಳಗಿನಿಂದಲೇ ಕಂಡಕ್ಟರನಿಗೆ ಕೂಗಿ ಹೇಳಿದರು: “ಅಣ್ಣಾ, ಇವರಿಬ್ಬರೂ ನಮ್ಮ ಮಂದಿ. ಚಂದಂಗ ಇಳಸ್ರಿ.”

ಬಸ್ಸು ಹೊರಳಿದಾಗ ಅವರು ಬಿಸಿಲಿಗೆ ಕೈ ಅಡ್ಡ ಹಿಡಿದು ಇನ್ನೂ ನಿಂತಿದ್ದರು. ಏನು ಹೇಳಿದರು ಎಂದು ಶ್ರೀಮತಿ ಹೋಲ್ಟ್ ಕೇಳಿದರು. ‘ಇವರಿಬ್ಬರೂ ನಮ್ಮ ಮಂದಿ’ ಎಂದದ್ದನ್ನು ನಾನು ಜರ್ಮನ್‌ನಲ್ಲಿ ಹೇಳಿದೆ. ಆ ವಾಕ್ಯದಲ್ಲಿ ‘ಝೀ’ಯೂ ಬೇಕಾಗಿರಲಿಲ್ಲ, ‘ಡೂ’ವೂ ಬೇಕಾಗಿರಲಿಲ್ಲ.