ಹೆಸರು ಕೇಳುವ ಪೆಟ್ಟಿಗೆ

ಯಂತ್ರಗಳ ಮುಂದೆ ಸೋತು ಅಳುವವರ ಪೈಕಿ ನಾನು. ಬ್ಯಾಂಕಿನ ಆ್ಯಪು ‘ಮತ್ತೊಮ್ಮೆ ಪ್ರಯತ್ನಿಸಿ’ ಎಂದರೆ ಇಡೀ ಜನ್ಮಕ್ಕೇ ಹೇಳಿದಂತೆ ಕೇಳಿಸುತ್ತದೆ. ಅಂಥವನು ಅಕ್ಕನಿಗೆ ಮಾತು ಕೊಟ್ಟುಬಿಟ್ಟೆ.

ಅಕ್ಕ ಗಜೇಂದ್ರಗಡದಲ್ಲಿ ಕೈಮಗ್ಗದ ಸೀರೆ ನೇಯುತ್ತಾಳೆ. ಅವಳು ನೇಯುವಾಗ ಭಾವ ಈರಪ್ಪ ಪಕ್ಕದಲ್ಲಿ ಕೂತು ನೂಲು ಸುತ್ತುತ್ತ ಭಜನೆ ಹಾಡುತ್ತಿದ್ದರು. ಕಳೆದ ವರ್ಷ ತೀರಿಕೊಂಡರು. ಅವರ ಹಾಡುಗಳು ನನ್ನ ಮೊಬೈಲಿನಲ್ಲಿದ್ದವು, ನಿಜ. ಆದರೆ ಮಗ್ಗಕ್ಕೆ ಕೂತವರಿಗೆ ಕೈಯೂ ಖಾಲಿಯಿಲ್ಲ, ಕಾಲೂ ಖಾಲಿಯಿಲ್ಲ.

“ಬಾಯಿ ಒಂದ ಖಾಲಿ ಐತಿ ನೋಡು. ಕೇಳಿದ್ರ ಹಾಡೂ ಹಂಗ ಏನರ ಮಾಡೋ ತಮ್ಮಾ. ಅವರ ದನಿ ಇಲ್ದ ಮಗ್ಗಕ್ಕ ಕೂಡಾಕ ಮನಸ ಬರವಲ್ದು. ಇಲ್ಲಾಂದ್ರ ಬಿಚ್ಚಿಬಿಡ್ತೀನಿ” ಎಂದಳು.

ಮಗ್ಗ ಬಿಚ್ಚಿದ ಅಕ್ಕನನ್ನು ನನಗೆ ಊಹಿಸಲೂ ಆಗಲಿಲ್ಲ. ಹಳೆಯ ಕಂಪ್ಯೂಟರಿಗೆ ಹಾಡು ತುಂಬಿ ಸರ್ವರ್ ಎಂದು ಹೆಸರಿಟ್ಟೆ. ಮಾತಿಗೆ ಓಗೊಡುವ ಸ್ಪೀಕರ್ ಪೆಟ್ಟಿಗೆ ತಂದೆ. ಎರಡರ ನಡುವೆ ಗೇಣು ಅಂತರ. ಆದರೂ ಇದರ ಮಾತು ಅದಕ್ಕೆ ಮುಟ್ಟಬೇಕಾದರೆ ಯಾವುದೋ ದೇಶ ಸುತ್ತಿ ಬರಬೇಕಂತೆ! ಹೊರಗಿನಿಂದ ಕಂಪ್ಯೂಟರಿಗೆ ಬರಲು ಬಾಗಿಲು ತೆರೆ ಎಂದಿತು ಪೆಟ್ಟಿಗೆ, ತೆರೆದೆ. ಭದ್ರತೆಯ ಪ್ರಮಾಣಪತ್ರ ಎಲ್ಲಿ ಎಂದಿತು, ಮಾಡಿಸಿದೆ. ಕರೆಂಟು ಹೋಗಿ ಬಂದಾಗಲೆಲ್ಲ ಮನೆಯ ಇಂಟರ್ನೆಟ್ ವಿಳಾಸ ಬದಲಾಯಿತು. ಮನೆ ಇದ್ದ ಓಣಿಯಲ್ಲೇ ಇದೆ, ವಿಳಾಸ ಮಾತ್ರ ದಿನಾ ಗುಳೆ ಹೋಗುತ್ತದೆ. ಲೋಕದ ಸಿನಿಮಾ ಹಾಡೆಲ್ಲ ಬಲ್ಲ ಪೆಟ್ಟಿಗೆಗೆ ಮಗ್ಗುಲಲ್ಲೇ ಇರುವ ನಮ್ಮ ಭಾವ ಗೊತ್ತಿಲ್ಲ. ನಾನು ನಿಜಕ್ಕೂ ಅತ್ತೆ.

ಕೊನೆಗೆ, ಅಕ್ಕ ನೂಲು ತರಲು ಹೋಗಿದ್ದಾಗ, “ಈರಪ್ಪನ ಹಾಡು ಹಾಕು” ಎಂದೆ. ಭಾವ ಒಮ್ಮೆ ಕೆಮ್ಮಿ ಹಾಡತೊಡಗಿದರು. ಅಕ್ಕ ಬಂದೊಡನೆ ಬಡಬಡ ಎಲ್ಲ ವಿವರಿಸಿ, “ಈಗ ನೀನ ಹೇಳಕ್ಕಾ” ಎಂದೆ.

ಅಕ್ಕ ತುಟಿ ಬಿಗಿದಳು. “ಅವರ ಹೆಸರ ನಾ ಹ್ಯಾಂಗೋ ಹೇಳಲಿ?”

ಇದೊಂದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಎತ್ತುವುದಿಲ್ಲ. ಮದುವೆಯಲ್ಲಿ ನಾದಿನಿಯರು ಬಾಗಿಲಿಗೆ ಅಡ್ಡ ನಿಂತಾಗ ಮಾತ್ರ, ಒಡಪು ಕಟ್ಟಿ, ಪ್ರಾಸದ ಸೆರಗಿನಲ್ಲಿ ಹೆಸರನ್ನು ಅಡಗಿಸಿ ಹೇಳುತ್ತಾರೆ. ಹಾಡುಗಳಿಗೆ ಬೇರೆ ಹೆಸರಿಡೋಣವೆಂದರೆ ಪಟ್ಟಿಯನ್ನೆಲ್ಲ ಪೆಟ್ಟಿಗೆಯ ಕಂಪನಿಗೆ ಮತ್ತೆ ಕಳಿಸಿ, ಮತ್ತೆ ಅವರ ಒಪ್ಪಿಗೆಗೆ ಕಾಯಬೇಕು. ದಿನಾ ನಾನೇ ಹೇಳೋಣವೆಂದರೆ ನನ್ನ ನೌಕರಿ ಇನ್ನೊಂದು ಊರಲ್ಲಿ, ರೋಣದಲ್ಲಿ. ನನ್ನ ಮುಖ ನೋಡಿ ಕನಿಕರ ಬಂತೇನೋ, ಅಕ್ಕ ಪೆಟ್ಟಿಗೆಯ ಮುಂದೆ ನಿಂತು ಶುರುಮಾಡಿದಳು:

“ಕರಿ ಹೊಲದಾಗ ಬೆಳದೈತಿ ಬಿಳಿ ಜೋಳ, ಈರಪ್ಪನವರು ಹಾಡಿದ್ರ ಮೈಯೆಲ್ಲಾ ತಾಳ!”

‘ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ’ ಎಂದಿತು ಪೆಟ್ಟಿಗೆ. ಬಾಗಿಲಿಗೆ ನಿಂತ ನಾದಿನಿಯರೇ ಇದಕ್ಕಿಂತ ವಾಸಿ.

ಅಕ್ಕ ಬಾಗಿಲ ಕಡೆ ನೋಡಿದಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು. ಪ್ರಾಸವಿಲ್ಲದೆ, ಬರಿಯ ಹೆಸರು, ಪಿಸುದನಿಯಲ್ಲಿ: “ಈರಪ್ಪನ ಹಾಡು ಹಾಕು.”

‘ಸರ್ವರ್ ಸಿಗುತ್ತಿಲ್ಲ. ಸ್ವಲ್ಪ ಹೊತ್ತಿನ ನಂತರ ಪ್ರಯತ್ನಿಸಿ.’

ನಡುವೆ ಕರೆಂಟು ಒಮ್ಮೆ ಕಣ್ಣು ಮಿಟುಕಿಸಿತ್ತು. ವಿಳಾಸ ಮತ್ತೆ ಗುಳೆ ಹೋಗಿತ್ತು. ಆ ಪೆಟ್ಟಿಗೆಯನ್ನು ಎತ್ತಿ ಬೀದಿಗೆ ಎಸೆಯಬೇಕೆನಿಸಿತು. ಜೀವಮಾನದಲ್ಲಿ ಮೊದಲ ಬಾರಿ ಬಾಯಿಬಿಟ್ಟು ಕರೆದವಳಿಗೆ ಈ ಉತ್ತರವೇ?

“ಇರ್ಲಿ ಬಿಡೋ” ಎಂದಳು ಅಕ್ಕ. “ಇದ್ದಾಗೂ ಒಂದ ಕೂಗಿಗೆ ಓ ಅಂದವರಲ್ಲ. ಇನ್ನೊಮ್ಮಿ ಕರದ ನೋಡ್ತೀನಿ.”

ಹೋಗಿ ಮಗ್ಗಕ್ಕೆ ಕೂತಳು. ಲಾಳಿ ಅತ್ತಿಂದಿತ್ತ ಓಡತೊಡಗಿತು. ನಾನು ಕಂಪ್ಯೂಟರಿನ ಮುಂದೆ ಬಗ್ಗಿದೆ. ಬೆನ್ನ ಹಿಂದೆ ಅಕ್ಕ ಕರೆಯುತ್ತಲೇ ಇದ್ದಳು. ‘ಹಾಡು ಹಾಕು’ ಎಂಬುದು ಯಾವಾಗಲೋ ಬಿಟ್ಟುಹೋಗಿ ಹೆಸರೊಂದೇ ಉಳಿದಿತ್ತು. ಒಂದು ಸಲಕ್ಕಿಂತ ಒಂದು ಸಲ ದನಿ ದೊಡ್ಡದಾಗುತ್ತಿತ್ತು. ಹೊಸ ವಿಳಾಸ ಸಿಕ್ಕಿತು. ಒತ್ತಬೇಕಾದ ಗುಂಡಿಯ ಮೇಲೆ ಬೆರಳಿಟ್ಟುಕೊಂಡು, ಒತ್ತದೆ, ಅಕ್ಕನ ಇನ್ನೊಂದು ಕೂಗಿಗೆ ಕಾದೆ.