ಹಪ್ಪಳದ ಹಿಟ್ಟು, ಮೊಡವೆಯ ಪಥ್ಯ

ಕೊಪ್ಪದಲ್ಲಿ ಪಿಯುಸಿ ಓದುತ್ತಿದ್ದಾಗ ನನ್ನ ಮುಖದ ತುಂಬ ಮೊಡವೆ. ಹದಿನೈದು ದಿನ ಕರಿದದ್ದು, ಸಿಹಿ, ಹಾಲು ಬಿಟ್ಟರೆ ಚರ್ಮ ತಿಳಿಯಾಗುತ್ತದೆ ಎಂದು ವಾರಪತ್ರಿಕೆಯೊಂದರಲ್ಲಿ ಓದಿ, ಬೇಸಿಗೆ ರಜೆಯಲ್ಲಿ ಹಟ ಹಿಡಿದು ಶುರುಮಾಡಿದೆ. ಅಮ್ಮನಿಗೆ ರೇಗಿಹೋಯಿತು. "ಎಂತ ಮಾರಾಯ್ತಿ, ಬಾಣಂತಿಗೂ ಇಷ್ಟು ಪಥ್ಯ ಇಲ್ಲ!"

ನನ್ನ ಗ್ರಹಚಾರಕ್ಕೆ ಅದು ಹಲಸಿನ ಹಪ್ಪಳ ಮಾಡುವ ಕಾಲ. ಎಂಟನೆಯ ದಿನ ಅಜ್ಜಿಯ ಪಕ್ಕ ಕೂತು ಹಿಟ್ಟಿನ ಉಂಡೆಗಳನ್ನು ಒತ್ತುತ್ತಿದ್ದೆ. ಮೆಣಸು, ಜೀರಿಗೆಯ ಪರಿಮಳಕ್ಕೆ ಬಾಯಲ್ಲಿ ನೀರೂರುತ್ತಿತ್ತು. ಅಜ್ಜಿ ನನ್ನ ಮುಖ ನೋಡಿ, ಒಂದು ಉಂಡೆಯ ಜೊತೆ ತೆಂಗಿನಕಾಯಿ ಚೂರು ಸೇರಿಸಿ ಕೈಗಿಟ್ಟಳು. "ತಿನ್ನು ಕೂಸೇ. ನಿನ್ನ ಪಥ್ಯ ಕರಿದದ್ದಕ್ಕೆ ಅಲ್ದಾ? ಇದು ಬರೀ ಹಿಟ್ಟು."

ಆ ನ್ಯಾಯ ನನಗೂ ಸರಿಕಂಡಿತು. ಆರು ಉಂಡೆ ತಿಂದೆ.

ಮರುದಿನ ಮೂಗಿನ ತುದಿಯಲ್ಲೇ ಕೆಂಪಗೆ ಒಂದು ಮೊಡವೆ ಎದ್ದಿತ್ತು. ಅಳುತ್ತ ಅಜ್ಜಿಯ ಮೇಲೆ ಹರಿಹಾಯ್ದೆ. ಅವಳು ನಕ್ಕುಬಿಟ್ಟಳು. "ಅದು ಹಪ್ಪಳದ್ದಲ್ಲ, ಪ್ರಾಯದ್ದು."

ಈಗಲೂ ಪ್ರತಿ ಬೇಸಿಗೆ ಹಪ್ಪಳ ಮಾಡುವಾಗ ಹಿಟ್ಟು ತಿನ್ನುತ್ತೇನೆ, ಹೊಟ್ಟೆ ತುಂಬ. ಮರುದಿನ ಕನ್ನಡಿಯಲ್ಲಿ ಹುಡುಕುತ್ತೇನೆ. ಒಂದೂ ಎದ್ದಿರುವುದಿಲ್ಲ.