ಪರದೆಗೆ ಹಾಕಿದ ರಫೂ

ಶಿವಾಜಿನಗರದ ಹಳೇ ಟಾಕೀಸಿನ ರಿಪೇರಿಗೆ ನನ್ನದೇ ಉಸ್ತುವಾರಿ. ಮರುದಿನವೇ ಮೊದಲ ಆಟ. ನನ್ನ ಕಾಲು ನೆಲದ ಮೇಲಿರಲಿಲ್ಲ. ಪರದೆಯ ನಡುವೆ ಗೇಣುದ್ದ ಹರಿದಿದ್ದರಿಂದ ರಫೂ ಮಾಡುವ, ಅಂದರೆ ನೂಲು ಹೆಣೆದು ಹರಕು ಮುಚ್ಚುವ, ಚಾಚಾ ಒಬ್ಬರನ್ನು ಕರೆಸಿದ್ದೆ. ಸಂಜೆ ಬಂದು ನೋಡಿದರೆ, ಸುತ್ತಲಿನ ಸಣ್ಣ ತೂತುಗಳನ್ನೂ ಮುಚ್ಚಿಬಿಟ್ಟಿದ್ದಾರೆ. ಪರದೆಗೆ ತೂತು ಇರಲೇಬೇಕು, ಏಕೆಂದರೆ ಸ್ಪೀಕರ್ ಇರುವುದು ಅದರ ಹಿಂದೆ.

“ಚಾಚಾ, ಮಾತು ಹೊರಗೆ ಬರೋದೇ ಆ ತೂತಿಂದ.”

“ಮೊದ್ಲೇ ಹೇಳ್ಬಾರದಾ ಸ್ವಾಮಿ? ನುಸಿ ತಿಂದಿದೆ ಅಂದ್ಕೊಂಡೆ.”

ಇಬ್ಬರೂ ಕೂತು ಒಂದೊಂದೇ ಬಿಚ್ಚಿದೆವು. ಮರುದಿನ ಹೀರೋ ಬಾಯಿ ತೆರೆದೊಡನೆ, ಮುಂದಿನ ಬೆಂಚಿನಲ್ಲಿದ್ದ ಚಾಚಾ ಪಕ್ಕದವನಿಗೆ ಹೇಳಿದರು: “ಮಾತು ಕೇಳ್ತಾ? ನಾನು ತೂತು ಬಿಚ್ಚಿದ್ದಕ್ಕೇ ಕೇಳಿಸ್ತಿರೋದು.”

ಮುಚ್ಚಿದ್ದು ಯಾರೆಂದು ನಾನೂ ಹೇಳಲಿಲ್ಲ.